ಹಲಗೆ ನೆಲದ ಕೆಳಗಿನ ತೇವ

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಮುಂದಿನ ಕೋಣೆಗೆ ಸಾಗವಾನಿ ಹಲಗೆಯ ನೆಲ. ಕೆಳಗೆ ಎರಡಡಿ ಪೊಳ್ಳು ಜಾಗ, ಬರೀ ಮಣ್ಣು. ಜೂನ್ ಬಂತೆಂದರೆ ಮುಗ್ಗಲು ವಾಸನೆ ಶುರು, ದಸರೆವರೆಗೂ ಬಿಡುವುದಿಲ್ಲ. ಹಲಗೆಗಳ ಅಂಚು ಮೇಲೆದ್ದಿವೆ. ಹೋದ ವರ್ಷ ವಿನೈಲ್ ಹಾಸು ಹಾಕಿಸಿದೆವು, ವಾಸನೆ ಇನ್ನೂ ಜಾಸ್ತಿಯಾಯಿತು. ಹಲಗೆ ಕಿತ್ತು ಗರಸು ತುಂಬಿ ಟೈಲ್ಸ್ ಹಾಕಿಸಿ ಅನ್ನುತ್ತಾರೆ ಮೇಸ್ತ್ರಿ. ಏನು ಮಾಡೋಣ?

ಉತ್ತರ: ಮೊದಲು ಆ ವಿನೈಲ್ ತೆಗೆಯಿರಿ. ಕೆಳಗಿನಿಂದ ಬರುವ ಆವಿ ಹಲಗೆಯ ಸಂದಿನಲ್ಲಿ ಒಂದಿಷ್ಟಾದರೂ ಹೊರಗೆ ಹೋಗುತ್ತಿತ್ತು. ಆ ದಾರಿಯನ್ನೂ ನೀವು ಮುಚ್ಚಿದಿರಿ. ಈಗ ಹಲಗೆಯೇ ಆ ನೀರನ್ನು ಕುಡಿಯುತ್ತಿದೆ. ಅಂಚು ಮೇಲೆದ್ದಿರುವುದಕ್ಕೂ ಇದೇ ಕಾರಣ. ಹಲಗೆಯ ಅಡಿ ಹಸಿ, ಮೇಲ್ಮೈ ಒಣ. ಅಡಿಭಾಗ ಉಬ್ಬಿದಾಗ ಅಂಚು ಮೇಲಕ್ಕೆ ಬಾಗುತ್ತದೆ. ಈಗಲೇ ರಂದಾ ಹೊಡೆಸಿ ಸಮ ಮಾಡಿಸಬೇಡಿ. ಒಣಗಿದ ಮೇಲೆ ಹಲಗೆ ನೆಟ್ಟಗಾಗುತ್ತದೆ, ಅಂಚು ತೆಳ್ಳಗಾಗಿರುತ್ತದೆ, ನಡು ಉಬ್ಬಿ ನಿಲ್ಲುತ್ತದೆ. ಆಮೇಲೆ ಅದನ್ನು ಸರಿ ಮಾಡುವುದು ಬಡಿಗರಿಗೂ ಕಷ್ಟ.

ಮೇಸ್ತ್ರಿ ಮಾತು ಕೇಳಬೇಡಿ. ಗರಸು ತುಂಬಿದರೆ ತೇವ ಎಲ್ಲಿಗೂ ಹೋಗುವುದಿಲ್ಲ, ಗೋಡೆ ಹತ್ತುತ್ತದೆ ಅಷ್ಟೇ. ಅಂಥ ಸಾಗವಾನಿ ಇವತ್ತು ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಟೈಲ್ಸ್ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಗೋಡೆ ಪಕ್ಕದ ಎರಡು ಹಲಗೆ ಹುಷಾರಾಗಿ ಬಿಚ್ಚಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ. ಅಡ್ಡ ತೊಲೆಗಳ ತುದಿ ಗೋಡೆಯೊಳಗೆ ಸೇರುವ ಜಾಗವೇ ಮೊದಲು ಕೊಳೆಯುವುದು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಟಕ್ ಅಂತ ನಿಂತರೆ ಚಿಂತೆಯಿಲ್ಲ. ಮೆತ್ತಗೆ ಒಳಗೆ ಹೋದರೆ ಬಡಿಗರನ್ನು ಕರೆಸಿ, ಆ ತುದಿ ಬದಲಿಸಬೇಕು. ಗೆದ್ದಲಿನ ಮಣ್ಣಿನ ಗೆರೆ ಇದೆಯಾ ಅಂತಲೂ ನೋಡಿ. ಕೆಳಗೆ ಬಿದ್ದಿರುವ ಹಳೆ ಕಟ್ಟಿಗೆ ಚೂರು, ಚಕ್ಕೆ ಎಲ್ಲಾ ತೆಗೆಸಿ. ಅದು ಗೆದ್ದಲಿಗೆ ಊಟ.

ಯುಗಾದಿ ಹೊತ್ತಿಗೂ ಮಣ್ಣು ಹಸಿಯಾಗಿದ್ದರೆ ಅದು ಮಳೆ ನೀರಲ್ಲ, ಬಚ್ಚಲಿನದೋ ನಲ್ಲಿ ಪೈಪಿನದೋ ಸೋರಿಕೆ. ನಿಮ್ಮದು ಜೂನ್‌ನಿಂದ ದಸರೆವರೆಗೆ ಮಾತ್ರ. ಹಾಗಾಗಿ ಹೊರಗಿನಿಂದ ಶುರು ಮಾಡಿ. ಹೆಂಚಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ತಗಡಿನ ದೋಣಿ ಕಟ್ಟಿಸಿ ನೀರು ದೂರ ಬಿಡಿ. ಗೋಡೆಯಿಂದ ಹತ್ತಡಿವರೆಗೆ ನೆಲ ಆರಿಂಚಾದರೂ ಹೊರಕ್ಕೆ ಇಳಿಜಾರಿರಬೇಕು. ಇದನ್ನು ಬಿಟ್ಟು ಒಳಗೆ ಏನೇ ಮಾಡಿದರೂ ದುಡ್ಡು ದಂಡ.

ಆಮೇಲೆ ಹಲಗೆ ಕೆಳಗಿನ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಕೃಷಿ ಹೊಂಡಕ್ಕೆ ಹಾಸುತ್ತಾರಲ್ಲ, ಆ 500 ಮೈಕ್ರಾನ್ ದಪ್ಪದ ಹಾಳೆ ಇದಕ್ಕೆ ಚೆನ್ನಾಗಿರುತ್ತದೆ. 250 ಮೈಕ್ರಾನ್ ಪಾಲಿಥೀನ್ ಆದರೂ ನಡೆಯುತ್ತದೆ. ಪೆಂಡಾಲಿನ ತಾಡಪತ್ರೆ ಮಾತ್ರ ಬೇಡ. ಚೂಪು ಕಲ್ಲು ಆರಿಸಿ, ಮಣ್ಣು ಸಮ ಮಾಡಿ ಹಾಸಿ. ಹಾಳೆ ಮೇಲೆ ಹಾಳೆ ಒಂದಡಿ ಬರಲಿ, ಜೋಡಿಸಿದಲ್ಲಿ ಟೇಪ್ ಹಚ್ಚಿ. ಗೋಡೆಗೆ ಆರಿಂಚು ಏರಿಸಿ ಪಟ್ಟಿ ಹೊಡೆಯಿರಿ. ಅದರ ಮೇಲಿನ ಗೋಡೆ ಬರಿದಾಗಿಯೇ ಇರಲಿ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳಬೇಕು.

ಹಲಗೆ ಕೆಳಗಿನ ಪೊಳ್ಳು ಜಾಗಕ್ಕೆ ಗಾಳಿ ಬಿಡುವ ಗೋಡೆಯ ಕಿಂಡಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಜನ ಎಡವುವುದೇ ಇಲ್ಲಿ. ಮಣ್ಣು ಬರಿದಾಗಿರುವಾಗ ಕಿಂಡಿ ಮುಚ್ಚಿದರೆ ಹಲಗೆ ಬೇಗ ಕೊಳೆಯುತ್ತದೆ. ಹಾಳೆ ಹಾಸಿದ ಮೇಲೆ ಲೆಕ್ಕ ಬೇರೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಹೊರಗಿನ ಗಾಳಿಯೇ ಒದ್ದೆ, ಅದು ಏನನ್ನು ಒಣಗಿಸೀತು? ಪಡುವಣ ಕಡೆಯ ಕಿಂಡಿಗೆ ಇರಚಲೂ ಬಡಿಯುತ್ತದೆ, ಮಳೆಗಾಲದಲ್ಲಿ ಅದನ್ನು ಮುಚ್ಚಿ. ದೀಪಾವಳಿಯಿಂದ ಮೇ ತನಕ ಎಲ್ಲಾ ತೆರೆದಿರಲಿ, ಇಲಿ ಬರದಂತೆ ಜಾಳಿಗೆ ಹಾಕಿ.

ಹಾಳೆಯಿಂದ ಗೋಡೆಯ ತೇವ ನಿಲ್ಲುವುದಿಲ್ಲ. ಹಳೆ ಗೋಡೆ ದೀಪದ ಬತ್ತಿಯ ಹಾಗೆ ನೀರು ಏರಿಸುತ್ತದೆ. ಅಲ್ಲಿ ಉಪ್ಪು ಎದ್ದಿದೆ ಅಂತ ಸಿಮೆಂಟ್ ಗಿಲಾವು ಹಚ್ಚಿಸಬೇಡಿ, ತೇವ ಇನ್ನೂ ಎರಡಡಿ ಮೇಲೆ ಹೋಗಿ ಕಾಣಿಸಿಕೊಳ್ಳುತ್ತದೆ. ಸುಣ್ಣದ ಗಾರೆ ಹಾಕಿಸಿ, ಸುಣ್ಣವನ್ನೇ ಬಳಿಸಿ. ಅದು ಉದುರುತ್ತದೆ, ಮತ್ತೆ ಬಳಿಯಬೇಕಾಗುತ್ತದೆ. ಹಳೆ ಮನೆ ಇಟ್ಟುಕೊಂಡವರಿಗೆ ಅಷ್ಟು ಕೆಲಸ ಇದ್ದದ್ದೇ.

ಈ ಕೆಲಸಕ್ಕೆಲ್ಲಾ ಶಿವರಾತ್ರಿ ಆದ ಮೇಲೆ ಕೈ ಹಾಕಿ. ಹಲಗೆ ಪೂರ್ತಿ ಒಣಗಲು ಒಂದು ಬೇಸಿಗೆ ಬೇಕು. ಪಾಲಿಶ್ ಅದಾದ ಮೇಲೆ.

ಪ್ರಶ್ನೆ: ಗದಗ ಹತ್ತಿರ ಊರಲ್ಲಿ ನಮ್ಮ ಪಡಸಾಲೆ ಕೆಳಗೆ ಹಳೆ ಹಗೇವು (ಕಾಳು ತುಂಬಿಡುವ ನೆಲದಡಿಯ ಗುಂಡಿ) ಇದೆ. ಅದರ ಮೇಲಿನ ಬಂಡೆ ಯಾವಾಗಲೂ ಥಂಡಿ. ಮುಚ್ಚಿಸಬಹುದಾ?

ಉತ್ತರ: ಮುಚ್ಚಿಸಿ, ಆದರೆ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವರು ಮೇಲೆ ಬರದೆ ಸತ್ತದ್ದಿದೆ. ಮೇಲಿನಿಂದಲೇ ಒಣ ಮರಳು ಸುರಿಯಿರಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮರಳಾದರೆ ತಾನೇ ಮೂಲೆಗೆ ಸರಿಯುತ್ತದೆ. ಉದ್ದ ಬೊಂಬಿನಿಂದ ಆಗಾಗ ಜಡಿಯುತ್ತಾ ಹೋಗಿ. ನೀರು ಹಾಕಬೇಡಿ, ಸುತ್ತ ಎರೆ ಮಣ್ಣಿದ್ದರೆ ಉಬ್ಬುತ್ತದೆ. ಒಂದು ಮಳೆಗಾಲ ಕುಸಿಯಲು ಬಿಟ್ಟು, ತಗ್ಗಾದಲ್ಲಿ ಮತ್ತೆ ತುಂಬಿ, ಹಾಳೆ ಹಾಸಿ, ಆಮೇಲೆ ಬಂಡೆ ಕೂರಿಸಿ.