ಬೋರ್ಡೋ ಅಂದರೆ ಬರೀ ಮೈಲುತುತ್ತ ಅಲ್ಲ

ಪ್ರಶ್ನೆ: ನಮ್ಮದು ಅಡಿಕೆ ತೋಟ. ಫ್ರಾನ್ಸಿನಲ್ಲಿರುವ ಮಗಳು ಈ ಸಲ ಬರುವಾಗ ಒಂದು ಬಿಳಿ ವೈನ್ ಬಾಟಲಿ ತಂದಿದ್ದಾಳೆ. ಲೇಬಲ್ ಮೇಲೆ ಬೋರ್ಡೋ ಅಂತಿದೆ. ಹಿಂಬದಿಯಲ್ಲಿ ಸೋವಿನ್ಯೋಂ ಬ್ಲಾಂ, ಸೆಮಿಯೋಂ ಅಂತ ಎರಡು ದ್ರಾಕ್ಷಿಗಳ ಹೆಸರಿದೆ. ಬೆರಕೆ ಅಂದರೆ ಕಡಿಮೆ ದರ್ಜೆಯದಾ? ಚೂರೂ ಸಿಹಿ ಇರಲ್ಲ ಅಂತಾಳೆ, ಅದು ಹೇಗೆ? ನಮ್ಮ ಮನೆ ಊಟದಲ್ಲಿ ಯಾವುದರ ಜತೆ ಹೊಂದುತ್ತದೆ? ಇನ್ನೊಂದು, ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋಗೂ ಇದಕ್ಕೂ ಸಂಬಂಧ ಇದೆಯಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೊನೆಯ ಪ್ರಶ್ನೆಯೇ ನನಗೆ ಇಷ್ಟವಾಯಿತು, ಅಲ್ಲಿಂದಲೇ ಶುರು ಮಾಡುತ್ತೇನೆ. ಸಂಬಂಧ ಇದೆ, ಎರಡೂ ಫ್ರಾನ್ಸಿನ ಬೋರ್ಡೋ ಅನ್ನುವ ಊರಿನವು. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿಗೆ ಬೂಜು ರೋಗ ಬಿದ್ದು ಎಲೆಯೆಲ್ಲ ಉದುರುತ್ತಿತ್ತು. ದಾರಿಯಲ್ಲಿ ಹೋಗುವವರು ಹಣ್ಣು ಕೀಳದಿರಲಿ ಅಂತ ರಸ್ತೆ ಪಕ್ಕದ ಸಾಲುಗಳಿಗೆ ಮಾತ್ರ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದರೆ ಆ ಸಾಲುಗಳಿಗೇ ರೋಗ ಇಲ್ಲ! ಇದನ್ನು ಗಮನಿಸಿದವರು ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ. 1885ರಲ್ಲಿ ಅವರು ಆ ಮಿಶ್ರಣದ ವಿವರ ಪ್ರಕಟಿಸಿದರು. ನೀವು ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಸುವುದು ಅದನ್ನೇ.

ಆದರೆ ಈ ಔಷಧಿಗೂ ನಿಮ್ಮ ಬಾಟಲಿಗೂ ಒಂದು ಸಣ್ಣ ಜಗಳ ಇದೆ. ಸೋವಿನ್ಯೋಂನ ಚಕ್ಕೋತದಂಥ ಪರಿಮಳಕ್ಕೆ ಕಾರಣ ಗಂಧಕ ಇರುವ ಥಯಾಲ್ ಅನ್ನುವ ವಸ್ತುಗಳು. ಮೈಲುತುತ್ತದಲ್ಲಿರುವ ತಾಮ್ರ ಇವನ್ನು ಹಿಡಿದುಬಿಡುತ್ತದೆ. ಕೊಯ್ಲು ಹತ್ತಿರ ಬಂದಾಗ ಬೋರ್ಡೋ ಜಾಸ್ತಿ ಹೊಡೆದರೆ ವೈನ್ ವಾಸನೆಯೇ ಮಂಕು. ಹಾಗಾಗಿ ಅಲ್ಲಿನ ಬಿಳಿ ದ್ರಾಕ್ಷಿ ಬೆಳೆಗಾರರು ತಮ್ಮೂರಿನ ಔಷಧಿಯನ್ನೇ ಲೆಕ್ಕ ಹಾಕಿ ಬಳಸುತ್ತಾರೆ.

ಇನ್ನು ಬೆರಕೆ ವಿಷಯ. ದರ್ಜೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಫಿಪುಡಿಯಲ್ಲಿ ಘಮಕ್ಕೆ ಅರೇಬಿಕಾ, ಗಟ್ಟಿತನಕ್ಕೆ ರೋಬಸ್ಟಾ ಬೆರೆಸುತ್ತೇವಲ್ಲ, ಲೆಕ್ಕ ಅದೇ. ಸೋವಿನ್ಯೋಂ ಹುಳಿ ಮತ್ತು ಪರಿಮಳ ಕೊಡುತ್ತದೆ. ಎಳಸಾಗಿ ಕಿತ್ತರೆ ಹಸಿ ದಪ್ಪಮೆಣಸಿನಕಾಯಿ ವಾಸನೆ ಬರುತ್ತದೆ. ಅದೊಂದನ್ನೇ ಕುಡಿದರೆ ಎಷ್ಟೋ ಸಲ ತೆಳು ಅನ್ನಿಸುತ್ತದೆ. ಸೆಮಿಯೋಂಗೆ ಹುಳಿ ಕಡಿಮೆ, ಮೈ, ಅಂದರೆ ಗಟ್ಟಿತನ, ಜಾಸ್ತಿ. ನಾಲಿಗೆ ಮೇಲೆ ಸ್ವಲ್ಪ ಜಿಡ್ಡು ಜಿಡ್ಡು. ವರ್ಷ ಕಳೆದಂತೆ ಜೇನು, ಮೇಣದ ವಾಸನೆ ಬರುತ್ತದೆ. ಕೆಲವರು ಹೂವಿನ ಘಮಕ್ಕೆ ಮಸ್ಕಡೆಲ್ ದ್ರಾಕ್ಷಿಯನ್ನೂ ಒಂದಿಷ್ಟು ಸೇರಿಸುತ್ತಾರೆ. ಒಂದೊಂದು ತಳಿ ಒಂದೊಂದು ಹೊತ್ತಿಗೆ ಹಣ್ಣಾಗುವುದರಿಂದ ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಕೊಯ್ದು, ಹುದುಗಿಸಿ, ಆಮೇಲೆ ರುಚಿ ನೋಡುತ್ತಾ ಬೆರೆಸುತ್ತಾರೆ. ಬಲು ದುಬಾರಿಯಾದ ಓ ಬ್ರಿಯೋಂ ಬಿಳಿ ವೈನ್ ಕೂಡ ಈ ಎರಡರ ಬೆರಕೆಯೇ.

ಸಿಹಿ ಯಾಕಿಲ್ಲ ಅಂದರೆ, ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿ ತಿಂದು ಮುಗಿಸಿರುತ್ತದೆ. ಇಂಥ ವೈನಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದಿರುವುದಿಲ್ಲ. ಲೇಬಲ್ ಮೇಲೆ ‘ಸೆಕ್’ ಅಂತಿದ್ದರೆ ಅದೇ ಗುರುತು. ಮುಂದಿನ ಸಲ ಮಗಳು ಸೋತೆರ್ನ್ ಅಂತ ಬರೆದದ್ದು ತಂದರೆ ಮೋಸ ಹೋಗಬೇಡಿ. ದ್ರಾಕ್ಷಿ ಇವೇ, ವೈನ್ ಮಾತ್ರ ಜೇನಿನಷ್ಟು ಸಿಹಿ.

ಊಟಕ್ಕೆ ಜತೆ ಹುಡುಕುವ ಮುಂಚೆ ಒಂದು ಕೆಲಸ ಮಾಡಿ. ಇದು ಸ್ಟೀಲ್ ಟ್ಯಾಂಕಿನದಾ, ಓಕ್ ಪೀಪಾಯಿಯದಾ ಅಂತ ಮೂಸಿ ನೋಡಿ. ಟ್ಯಾಂಕಿನದಾದರೆ ನಿಂಬೆ, ಚಕ್ಕೋತ, ಹಸಿ ಹುಲ್ಲು. ಅಲ್ಲಿ ಇದನ್ನು ಅರ್ಕಾಶೋಂ ಕೊಲ್ಲಿಯ ಹಸಿ ಸಿಂಪಿ ಜತೆ ಕುಡಿಯುತ್ತಾರೆ. ನಿಮ್ಮಲ್ಲಿ ಕಾಣೆ ಮೀನಿನ ರವಾ ಫ್ರೈ ಮಾಡಿ. ಖಾರದಪುಡಿ ಅರ್ಧಕ್ಕೆ ಇಳಿಸಿ, ತಿನ್ನುವಾಗ ನಿಂಬೆ ಹಿಂಡಿ. ಬಿಸಿ ತುಂಡು ಬಾಯಲ್ಲಿದ್ದಾಗಲೇ ಒಂದು ಗುಟುಕು ಕುಡಿದರೆ ಎಣ್ಣೆ ಜಿಡ್ಡು ತೊಳೆದು ಹೋಗುತ್ತದೆ. ಸೌತೆಕಾಯಿ ಕೋಸಂಬರಿಯೂ ಚೆನ್ನಾಗಿರುತ್ತದೆ. ಪೀಪಾಯಿಯದಾದರೆ, ಅಂದರೆ ವೆನಿಲ್ಲಾ, ಸುಟ್ಟ ಬ್ರೆಡ್ ವಾಸನೆ ಬಂದರೆ, ಕಾಯಿಹಾಲಿನ ಕೋಳಿಗೆ, ನೀರುದೋಸೆಗೆ ಎತ್ತಿಡಿ. 225 ಲೀಟರಿನ ಪೀಪಾಯಿಗಳಲ್ಲಿ ತಳದ ಯೀಸ್ಟ್ ಗಸಿಯನ್ನು ಆಗಾಗ ಕಲಕುತ್ತಾ ತಿಂಗಳುಗಟ್ಟಲೆ ಇಟ್ಟಿರುತ್ತಾರೆ, ಹಾಗಾಗಿ ಕಾಯಿಹಾಲಿನ ಕೊಬ್ಬನ್ನು ಅದು ತಡೆದುಕೊಳ್ಳುತ್ತದೆ.

ಮೀನು ಸಾರಿನ ಜತೆ ಮಾತ್ರ ಬೇಡ. ಹುಣಸೆಯಾಗಲಿ ವಾಟೆಹುಳಿಯಾಗಲಿ, ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆ. ಜಾಸ್ತಿ ಖಾರ ಇದ್ದರೆ ಆಲ್ಕೋಹಾಲ್ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಊಟಕ್ಕೆ ಮುಂಚೆಯೇ ಕುಡಿದು ಮುಗಿಸಿ, ಆಮೇಲೆ ಸಾರಿಗೆ ಹೋಗಿ ಅನ್ನುವುದು ನನ್ನ ಸಲಹೆ. ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಬಿಡಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟಿದ್ದ ಬಿಳಿ ವೈನ್ ತಳದಲ್ಲಿ ಗಾಜಿನ ಪುಡಿಯಂಥದ್ದು ಕಾಣಿಸುತ್ತಿದೆ. ಚೆಲ್ಲಿಬಿಡಲೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಸೇರಿ ತಂಪಿಗೆ ಹರಳುಗಟ್ಟಿದೆ. ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಇದೇ. ಬೆರಳಲ್ಲಿ ತಿಕ್ಕಿದರೆ ಪುಡಿಯಾಗಿ ನೀರಿನಲ್ಲಿ ನಿಧಾನ ಕರಗಿದರೆ ಅದೇ ಅಂತ ಖಾತ್ರಿ. ಅಲ್ಲಾಡಿಸದೆ ಬಗ್ಗಿಸಿ, ಕೊನೆಯ ಗುಟುಕು ಬಿಟ್ಟುಬಿಡಿ.

ಪ್ರಶ್ನೆ: ನಾನು ಸಸ್ಯಾಹಾರಿ. ವೈನಿಗೆ ಮೊಟ್ಟೆ ಹಾಕುತ್ತಾರಂತೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಕೆಲವರು ಹಾಕುತ್ತಾರೆ. ವೈನ್ ತಿಳಿಯಾಗಲು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಮೀನಿನ ಗಾಳಿಚೀಲದ ಅಂಟು, ಇವೆಲ್ಲ ಬಳಕೆಯಲ್ಲಿವೆ. ಮೊಟ್ಟೆ ಹೆಚ್ಚಾಗಿ ಕೆಂಪು ವೈನಿಗೆ. ಬಿಳಿ ವೈನಿಗೆ ಬೆಂಟೊನೈಟ್ ಅನ್ನುವ ಜೇಡಿಮಣ್ಣು ಸಾಮಾನ್ಯ. ಕೆಸರು ತಳಕ್ಕೆ ಕೂತ ಮೇಲೆ ಇವನ್ನೂ ತೆಗೆದುಬಿಡುತ್ತಾರೆ. ಆದರೂ ಮನಸ್ಸು ಒಪ್ಪದಿದ್ದರೆ ವೀಗನ್ ಅಂತ ಬರೆದಿರುವ ಬಾಟಲಿಯನ್ನೇ ಕೊಳ್ಳಿ.