“ಈಗ ಯಾರು ಕುಡಿಯುವುದಿಲ್ಲ ಹೇಳಿ?”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹತ್ತೊಂಬತ್ತರ ಹುಡುಗ, ಪದವಿ ವಿದ್ಯಾರ್ಥಿ, ಹಾಸ್ಟೆಲ್ ವಾಸಿ. ಸಲಹೆಗೆಂದು ನನ್ನ ಬಳಿ ಬಂದದ್ದು ತಂದೆಯ ಒತ್ತಾಯಕ್ಕೆ. ಶನಿವಾರ ರಾತ್ರಿ ಗೆಳೆಯರೊಂದಿಗೆ ಮದ್ಯ, ದಿನಕ್ಕೆ ನಾಲ್ಕೈದು ಸಿಗರೇಟು. ಮದ್ಯದ ಅವಲಂಬನೆಯ ಲಕ್ಷಣಗಳು ಕಾಣಲಿಲ್ಲ. ಏನು ಕೇಳಿದರೂ ಅವನದು ಒಂದೇ ಉತ್ತರ: “ಸರ್, ಈಗ ಯಾರು ಕುಡಿಯುವುದಿಲ್ಲ ಹೇಳಿ?”

ಕೆಟ್ಟುಹೋದ ಶ್ವಾಸಕೋಶದ ಚಿತ್ರ ಈ ಪ್ರಶ್ನೆಗೆ ಉತ್ತರವಲ್ಲ. ಅಂಥ ಚಿತ್ರಗಳನ್ನು ಅವನು ಸಾಕಷ್ಟು ನೋಡಿದ್ದ. ಅವನ ಪ್ರಶ್ನೆಯನ್ನೇ ನಿಜವಾದ ಪ್ರಶ್ನೆಯೆಂದು ತೆಗೆದುಕೊಂಡು ಒಂದು ಹಾಳೆ ಕೊಟ್ಟೆ. ತರಗತಿಯವರ ಹೆಸರುಗಳನ್ನು ಬರೆದು, ಯಾರು ಕುಡಿಯುವುದನ್ನು ಕಣ್ಣಾರೆ ಕಂಡಿದ್ದೀಯ, ಯಾರ ಬಗ್ಗೆ ಬರೀ ಕೇಳಿದ್ದೀಯ, ಯಾರ ವಿಷಯ ಗೊತ್ತೇ ಇಲ್ಲ ಎಂದು ಗುರುತು ಹಾಕಲು ಹೇಳಿದೆ. ಮೊದಲ ಕೆಲವು ಹೆಸರುಗಳು ಸರಸರನೆ ಬಂದವು. ಆಮೇಲೆ ಪೆನ್ನು ನಿಂತಿತು. “ಇವನು ಯಾವಾಗಲೂ ಗ್ರಂಥಾಲಯದಲ್ಲೇ ಇರುತ್ತಾನೆ. ಏನು ಹಾಕಲಿ?” ಎಂದ. ಹಾಳೆಯ ಬಹುಪಾಲು ‘ಗೊತ್ತಿಲ್ಲ’ದಲ್ಲೇ ತುಂಬಿತು.

ಇದು ಅವನೊಬ್ಬನ ಲೆಕ್ಕದ ತಪ್ಪಲ್ಲ. ಕುಡಿದು ಕೂಗಾಡಿದವನ ಸುದ್ದಿ ವಾರವಿಡೀ ಓಡಾಡುತ್ತದೆ. ಊಟ ಮಾಡಿ ಮಲಗಿದವನು ಸುದ್ದಿಯಾಗುವುದಿಲ್ಲ. ಅಮೆರಿಕದ ಸಂಶೋಧಕರಾದ ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನೇ ಕಂಡರು: ಕುಡಿತದ ವಿಷಯದಲ್ಲಿ ಸಹಪಾಠಿಗಳು ಇರುವುದಕ್ಕಿಂತ ಹೆಚ್ಚು ಸಡಿಲವೆಂದು ವಿದ್ಯಾರ್ಥಿಗಳು ಭಾವಿಸಿದ್ದರು. ತಪ್ಪು ಅಂದಾಜನ್ನು ನಿಜವಾದ ಅಂಕಿಯಿಂದ ತಿದ್ದುವ ಪ್ರಚಾರಗಳು ಹುಟ್ಟಿದ್ದು ಅಲ್ಲಿಂದ.

ಹುಡುಗ ಚುರುಕಾಗಿದ್ದ. “ತರಗತಿ ಹೇಗಾದರೂ ಇರಲಿ ಸರ್, ನನ್ನ ಕೋಣೆಯವರೆಲ್ಲರೂ ಕುಡಿಯುತ್ತಾರಲ್ಲ?” ಎಂದ. ಮಾತು ನಿಜ, ಒಪ್ಪಿಕೊಂಡೆ. ಅಂಥ ಪ್ರಚಾರದ ಭಿತ್ತಿಪತ್ರದಲ್ಲಿ ಬರುವ, ಕುಡಿಯದ ‘ಬಹುಪಾಲು ವಿದ್ಯಾರ್ಥಿಗಳು’ ಮಂಚದ ಪಕ್ಕದ ಗೆಳೆಯರೆದುರು ಸೋಲುತ್ತಾರೆ. ಆದರೆ ಕುಡಿಯುವುದು ಬೇರೆ, ಕುಡಿಯಲು ಇಷ್ಟವಿರುವುದು ಬೇರೆ. ಅವರಲ್ಲಿ ಒಬ್ಬನನ್ನು ಒಂಟಿಯಾಗಿ ಸಿಕ್ಕಾಗ ವಿಚಾರಿಸಿ ನೋಡು ಎಂದೆ.

ಮುಂದಿನ ಭೇಟಿಯಲ್ಲಿ ಅವನ ದನಿಯೇ ಬೇರೆಯಾಗಿತ್ತು. ಗೆಳೆಯ ಹೇಳಿದ್ದನಂತೆ: “ನನಗೂ ಬೇಡವೇ ಬೇಡ. ನೀನು ಏನೆಂದುಕೊಳ್ಳುತ್ತೀಯೋ ಎಂದು ಲೋಟ ಹಿಡಿಯುತ್ತೇನೆ.” ಮನಸ್ಸಿಲ್ಲದವರೇ ಸೇರಿ ಒಬ್ಬರಿಗೊಬ್ಬರು ಹೆದರಿ ನಡೆಸುವ ಕೂಟಗಳು ಎಷ್ಟಿವೆಯೋ! ಪ್ರಿನ್ಸ್‌ಟನ್ ಎಂಬ ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೂ ಪ್ರೆಂಟಿಸ್ ಮತ್ತು ಮಿಲ್ಲರ್ 1993ರಲ್ಲಿ ಇಂಥದ್ದನ್ನೇ ಗುರುತಿಸಿದ್ದರು: ಕುಡಿತದ ಬಗ್ಗೆ ತನಗಿರುವ ಅಳುಕು ಉಳಿದವರಿಗೆ ಇಲ್ಲವೆಂದು ವಿದ್ಯಾರ್ಥಿಗಳು ನಂಬಿದ್ದರು.

ಅವನಿಗೆ ಕೊಟ್ಟ ಸಲಹೆ ಚಿಕ್ಕದು. ಶನಿವಾರ ಇಬ್ಬರೂ ಒಟ್ಟಿಗೆ ಬೇಡವೆನ್ನಿ. ಕಾರಣ ವಿವರಿಸಲು ಹೋಗಬೇಡಿ. ಒಬ್ಬನು ಬೇಡವೆಂದರೆ ಗೇಲಿ ಮಾಡಬಹುದು, ಇಬ್ಬರಾದರೆ ಅದು ಕಷ್ಟ.

ತಂದೆಗೆ ಹೇಳಿದ್ದು ಇನ್ನೊಂದು. “ಈಗಿನ ಹುಡುಗರೆಲ್ಲ ಹಾಳಾಗಿದ್ದಾರೆ” ಎಂದು ಅವರು ದಿನವೂ ಬಯ್ಯುತ್ತಿದ್ದರು. ಎಲ್ಲರೂ ಹಾಗೇ ಎಂಬ ನಂಬಿಕೆಗೆ ಮನೆಯಿಂದಲೇ ಸಾಕ್ಷಿ ಸಿಗುತ್ತಿತ್ತು. ಆ ಮಾತು ಬಿಡಿ ಎಂದೆ. ಸ್ವಲ್ಪ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಹುಡುಗನ ಪ್ರಸ್ತಾಪವಿಲ್ಲದೆ ಕಾಲೇಜಿನವರೊಂದಿಗೂ ಮಾತಾಡಿದೆ. ‘ಯುವಜನರಲ್ಲಿ ಹೆಚ್ಚುತ್ತಿರುವ ದುಶ್ಚಟ’ ಎಂಬ ಫಲಕ ತೆಗೆಯಿರಿ, ಅದು ಕುಡಿಯುವವರ ಪರವಾದ ಜಾಹೀರಾತು. ಹೆಸರಿಲ್ಲದ ಸಮೀಕ್ಷೆ ಮಾಡಿ, ನಿಮ್ಮದೇ ವಿದ್ಯಾರ್ಥಿಗಳ ಅಂಕಿ ಹಾಕಿ. ಕುಡಿಯದವರು ನಿಜಕ್ಕೂ ಹೆಚ್ಚಿದ್ದರೆ ಮಾತ್ರ ಹಾಗೆಂದು ಬರೆಯಿರಿ. ಅಂಕಿ ಸುಳ್ಳೆಂದು ಒಮ್ಮೆ ಅನಿಸಿದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ಆದರೆ ಕುಡಿತದ ಸರಾಸರಿ ಪ್ರಮಾಣವನ್ನು ಬರೆಯಲೇಬೇಡಿ: ಅದಕ್ಕಿಂತ ಕಡಿಮೆ ಕುಡಿಯುವವನು ‘ಇನ್ನೂ ಜಾಗವಿದೆ’ ಎಂದುಕೊಂಡಾನು. ಇಷ್ಟು ಮಾಡಿದರೂ ಪವಾಡವಾಗದು. ಇಂಥ ಪ್ರಚಾರ ನಡೆಸಿದ ಅಮೆರಿಕದ ಕಾಲೇಜುಗಳಲ್ಲಿ ಕುಡಿತ ಇಳಿಯಲಿಲ್ಲವೆಂದು 2003ರಲ್ಲಿ ವೆಕ್ಸ್ಲರ್ ಮತ್ತು ಸಂಗಡಿಗರು ವರದಿ ಮಾಡಿದ್ದನ್ನೂ ಮುಚ್ಚಿಡಲಿಲ್ಲ.

ಶನಿವಾರದ ಕೂಟ ಈಗ ಅಪರೂಪ. ಸಿಗರೇಟು ಹೋಗಿಲ್ಲ. ಬಿಡಲು ಹೋದಾಗ ಸಿಡುಕು, ನಿದ್ದೆಗೇಡು. ನಿಕೋಟಿನ್ ಗೆಳೆಯರ ಅಭಿಪ್ರಾಯ ಕೇಳಿ ಕಾಡುವುದಿಲ್ಲ. ಮೊದಲ ವಾರವೇ ಹೆಚ್ಚು ಕಠಿಣ ಎಂದು ತಿಳಿಸಿ, ತಂಬಾಕು ಬಿಡಿಸುವ ಚಿಕಿತ್ಸೆಗೆ ವೈದ್ಯರ ಬಳಿ ಕಳುಹಿಸಿದ್ದೇನೆ.