ಗರ್ಭಕೋಶ ಎರಡು ಕವಲಾಗಿದೆ ಅಂತ ರಿಪೋರ್ಟ್ ಬಂದಿದೆ. ಪೂರ್ತಿ ಬೆಡ್ ರೆಸ್ಟ್ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಈಗ 9 ವಾರ. ಜಯನಗರದಲ್ಲಿ ಮಾಡಿಸಿದ ಸ್ಕ್ಯಾನಿನಲ್ಲಿ ‘ಬೈಕಾರ್ನುಯೇಟ್ ಯುಟೆರಸ್, ಬಲಗಡೆ ಕವಲಿನಲ್ಲಿ ಮಗು’ ಅಂತ ಬರೆದಿದ್ದಾರೆ. ಅತ್ತೆಯವರು ಹಾಸಿಗೆ ಬಿಟ್ಟು ಏಳಬೇಡ ಅನ್ನುತ್ತಿದ್ದಾರೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಸಕಲೇಶಪುರದ ತವರಿಗೆ ಹೋಗಬಹುದಾ ಅಂತ ಕೇಳಿದ್ದೀರಿ.

ಬರೀ ಆಕಾರದ ಕಾರಣಕ್ಕೆ ಹಾಸಿಗೆ ಹಿಡಿಯಬೇಕಿಲ್ಲ. ಮಲಗಿದ್ದರೆ ಹೆರಿಗೆ ಮುಂದೆ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಬದಲಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಅತ್ತೆಯವರಿಗೆ ಇದನ್ನು ನೀವು ಹೇಳುವುದಕ್ಕಿಂತ ಡಾಕ್ಟರ ಬಾಯಲ್ಲೇ ಹೇಳಿಸಿ.

ಮೊದಲು ಆ ಹೆಸರು ಸರಿಯೇ ಅಂತ ಖಚಿತ ಮಾಡಿಕೊಳ್ಳಿ. ಹೆಣ್ಣು ಮಗು ಹುಟ್ಟುವ ಮೊದಲೇ ಅದರೊಳಗೆ ಎರಡು ಕೊಳವೆ ಕೂಡಿ ಒಂದು ಗರ್ಭಕೋಶವಾಗುತ್ತದೆ. ಮೇಲ್ಭಾಗದಲ್ಲಿ ಅವು ಪೂರ್ತಿ ಕೂಡದಿದ್ದರೆ ಹೊರಗಿನಿಂದಲೇ ಹೃದಯದಾಕಾರದ ತಗ್ಗು ಕಾಣುತ್ತದೆ. ಅದು ಬೈಕಾರ್ನುಯೇಟ್. ಕೂಡಿಯೂ ನಡುವಿನ ಗೋಡೆ ಕರಗದೆ ಉಳಿದರೆ ಸೆಪ್ಟೇಟ್: ಬಾಡಿಗೆಗೆ ಕೊಡಲು ಒಂದೇ ಹಾಲಿಗೆ ಅಡ್ಡಗೋಡೆ ಎಬ್ಬಿಸಿದ ಹಾಗೆ, ಹೊರಗೆ ಒಂದೇ ಮನೆ. ಮಾಮೂಲಿ ಸ್ಕ್ಯಾನಿನಲ್ಲಿ ಎರಡಕ್ಕೂ ಎರಡು ಕೋಣೆ ಕಾಣುವುದರಿಂದ ಹೆಸರು ಅದಲುಬದಲಾಗುವುದು ಮಾಮೂಲು. ಗರ್ಭಪಾತದ ಅಪಾಯ ಹೆಚ್ಚು ಇರುವುದು ಸೆಪ್ಟೇಟ್‌ನಲ್ಲಿ. ಆದರೆ ಗರ್ಭಿಣಿಯಾಗಿರುವಾಗ ಆ ಗೋಡೆಯನ್ನು ಕತ್ತರಿಸುವುದಿಲ್ಲ.

ಆದ್ದರಿಂದ ಯೋನಿಯ ಮೂಲಕ ಮಾಡುವ 3ಡಿ ಸ್ಕ್ಯಾನ್ ಈಗಲೇ ಮಾಡಿಸಿ. ಹೊಟ್ಟೆ ಬೆಳೆದ ಮೇಲೆ ಹೊರಮೈ ಗುರುತಿಸುವುದು ಕಷ್ಟ. ಡಾಕ್ಟರಿಗೆ ಎರಡೇ ಮಾತು ಕೇಳಿ. ಗರ್ಭಕೋಶದ ತಲೆಯ ಹೊರಗಿನ ತಗ್ಗು 1 ಸೆಂ.ಮೀ.ಗಿಂತ ಆಳವಿದೆಯಾ (ಇದ್ದರೆ ಬೈಕಾರ್ನುಯೇಟ್)? ಮಗು ಇರುವ ಕೋಣೆ ಗರ್ಭಕೋಶದ ಬಾಯಿಗೆ ಕೂಡಿಕೊಂಡಿದೆಯಾ? ಎರಡನೆಯದನ್ನು ಮರೆಯಬೇಡಿ. ಬಾಯಿಗೆ ಸಂಪರ್ಕವಿಲ್ಲದ, ಅರ್ಧ ಬೆಳೆದ ಕವಲಿನಲ್ಲಿ ಗರ್ಭ ನಿಂತಿದ್ದರೆ ಅದು ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚು; ಮೊದಲೇ ತಿಳಿದರೆ ಆಪರೇಷನ್ ಮಾಡಿ ಜೀವ ಉಳಿಸಬಹುದು. ಅದೇ ಸಲ ಎರಡೂ ಕಿಡ್ನಿ ಇವೆಯಾ ನೋಡಿಸಿ. ಗರ್ಭಕೋಶ ಹೀಗಿರುವ ಕೆಲವರಿಗೆ ಒಂದೇ ಕಿಡ್ನಿ ಇರುತ್ತದೆ.

ಎಲ್ಲ ಸರಿಯಿದ್ದರೆ ಇನ್ನು ಗಮನವೆಲ್ಲ ಗರ್ಭಕೋಶದ ಬಾಯಿಯ ಉದ್ದದ ಮೇಲೆ; ಅದು ಗಿಡ್ಡವಾದರೆ ಹೆರಿಗೆ ಬೇಗ ಆಗುವ ಸಾಧ್ಯತೆ ಹೆಚ್ಚು. 16ರಿಂದ 24 ವಾರದೊಳಗೆ ಎಷ್ಟು ಸಲ ಅಳೆಯಬೇಕೆಂದು ಡಾಕ್ಟರು ಹೇಳುತ್ತಾರೆ. ಹೊಟ್ಟೆ ಮೇಲಿನಿಂದ ಅಲ್ಲ, ಒಳಗಿನಿಂದಲೇ ಅಳೆಯಬೇಕು, ಮೂತ್ರಚೀಲ ಖಾಲಿಯಿರಬೇಕು. 25 ಮಿ.ಮೀ.ಗಿಂತ ಕಡಿಮೆಯಾದರೆ ರಾತ್ರಿ ಒಳಗೆ ಇಟ್ಟುಕೊಳ್ಳುವ 200 ಮಿ.ಗ್ರಾಂ. ಪ್ರೊಜೆಸ್ಟರಾನ್ (ಬಸಿರು ಉಳಿಸುವ ಹಾರ್ಮೋನ್), ಕೆಲವರಿಗೆ ಗರ್ಭಕೋಶದ ಬಾಯಿಗೆ ಹೊಲಿಗೆ. ಮುನ್ನೆಚ್ಚರಿಕೆ ಅಂತ ಎಲ್ಲರಿಗೂ ಹೊಲಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಜಾಗ ಇಕ್ಕಟ್ಟಾದ್ದರಿಂದ ಮಗು ತಿರುಗದೆ ಕುಂಡೆ ಕೆಳಗಾಗಿಯೇ ಉಳಿಯುವುದು ಹೆಚ್ಚು, ಸಿಸೇರಿಯನ್ ಆಗುವುದು ಬಹುಪಾಲು ಅದಕ್ಕೇ. ತಲೆ ಕೆಳಗಿದ್ದರೆ ಸಹಜ ಹೆರಿಗೆಗೆ ಆಕಾರ ಅಡ್ಡಿಯಲ್ಲ. ಮಗುವಿನ ಬೆಳವಣಿಗೆ ನೋಡಲು 28 ವಾರದ ನಂತರ ಸ್ಕ್ಯಾನ್ ಬೇಕಾಗುತ್ತದೆ.

ಇನ್ನು ತವರಿನ ಮಾತು. ಸೀಮಂತ ಧಾರಾಳವಾಗಿ ಮಾಡಿಕೊಳ್ಳಿ, ಆದರೆ 37 ವಾರಕ್ಕೆ ಮೊದಲೇ ನೋವು ಬರುವ ಸಾಧ್ಯತೆ ನಿಮಗೆ ಹೆಚ್ಚು. ಹತ್ತಿರದಲ್ಲಿ ನವಜಾತ ಶಿಶುಗಳ ಐಸಿಯು ಇಲ್ಲದ ಊರಿನಲ್ಲಿ ಆ ವಾರಗಳನ್ನು ಕಳೆಯಬೇಡಿ; ತಾಯಿಯವರೇ ಬೆಂಗಳೂರಿಗೆ ಬರಲಿ. ಹೊಟ್ಟೆ 10 ನಿಮಿಷಕ್ಕೊಮ್ಮೆ ಗಟ್ಟಿಯಾಗಿ ಸಡಿಲವಾದರೆ, ನೀರು ಹೋದರೆ, ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಹೊರಡಿ. ಬೇಗ ತಲುಪಿದರೆ ಮಗುವಿನ ಶ್ವಾಸಕೋಶಕ್ಕೆಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಸಮಯ ಸಿಗುತ್ತದೆ. ಬೀಟಾಮೆಥಸೋನ್ ಆದರೆ 24 ಗಂಟೆ ಅಂತರದಲ್ಲಿ 2, ಡೆಕ್ಸಾಮೆಥಸೋನ್ ಆದರೆ 12 ಗಂಟೆಗೊಂದರಂತೆ 4.

ಈ 9 ವಾರದ ಸ್ಕ್ಯಾನ್ ಪ್ರತಿಯನ್ನು ತಾಯಿ ಕಾರ್ಡ್ ಜೊತೆಗೇ ಇಟ್ಟಿರಿ. ಸಿಸೇರಿಯನ್ ಆದರೆ ಗರ್ಭಕೋಶದ ಹೊರಮೈ ಕಣ್ಣಾರೆ ನೋಡಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಬರೆಯಲು ಡಾಕ್ಟರನ್ನು ಕೇಳಿ, ಮುಂದಿನ ಬಸಿರಿಗೆ ಬೇಕಾಗುತ್ತದೆ.